ಹೆಪ್ಪುಗಟ್ಟಿದ ಕೆರೆಯ ಅಡ್ಡದಾರಿ

ಫಿನ್ಲೆಂಡ್ ಹೇಗಿತ್ತು ಎಂದು ಚಳ್ಳಕೆರೆಯಲ್ಲಿ ಎಲ್ಲರೂ ಕೇಳಿದರು. ಎಲ್ಲರಿಗೂ ಒಂದೇ ಮಾತು ಹೇಳಿ ಮುಗಿಸಿದೆ: ತುಂಬಾ ಚಳಿ. ಅದು ಸುಳ್ಳಲ್ಲ. ಆದರೆ ಅಲ್ಲಿಂದ ನನ್ನ ಜೊತೆ ಬಂದಿರುವುದು ಒಂದು ಸದ್ದು. ಒಣಗಿದ ಶೇಂಗಾಕಾಯಿ ಕಾಲಡಿ ಸಿಕ್ಕು ಒಡೆದಂಥ ಸದ್ದು. ನಮ್ಮೂರಿನ ಎಣ್ಣೆ ಮಿಲ್ಲುಗಳ ಮುಂದೆ ಅಂಥ ಸಿಪ್ಪೆ ಎಲ್ಲ ಕಡೆ ಬಿದ್ದಿರುತ್ತದೆ. ಈಗ ಅಲ್ಲಿ ನಡೆಯುವಾಗ ಕಾಲು ತಾನಾಗಿ ನಿಂತುಬಿಡುತ್ತದೆ. ಹಿಂದೆ ಬರುವವರು ಬೈದುಕೊಂಡು ಪಕ್ಕಕ್ಕೆ ಹೋಗುತ್ತಾರೆ.

ಹೋದದ್ದು ನಾವಿಬ್ಬರು, ನಾನು ಮತ್ತು ಮೊಳಕಾಲ್ಮೂರಿನ ಅನಸೂಯ. ಪ್ರವಾಸ ಅಂದರೆ ಏನೇನು ನೋಡಿದಿರಿ ಎಂದು ಕೇಳುತ್ತಾರೆ. ನಾನು ನೋಡಿದ್ದನ್ನು ಹೇಳುತ್ತೇನೆ.

ಮೊಳಕಾಲ್ಮೂರು: ಚಿತ್ರದ ಕ್ಲಾಸು

ನಾನು ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಬೆಂಗಳೂರಿನ ಒಂದು ಸಂಸ್ಥೆಯ ಪರವಾಗಿ ಮೊಳಕಾಲ್ಮೂರಿನಲ್ಲಿ ಪ್ರತಿ ಶನಿವಾರ ಹದಿಹರೆಯದ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಬಣ್ಣ, ಜೇಡಿಮಣ್ಣು, ಬಟ್ಟೆ ಚೂರು ಕೊಡುತ್ತಿದ್ದೆ. ಬಾಯಲ್ಲಿ ಹೇಳಲಾಗದ್ದು ಕೈಯಲ್ಲಿ ಬರಲಿ ಎನ್ನುವುದು ನಮ್ಮ ನಂಬಿಕೆ. ಬೆಂಗಳೂರಿನ ಕಚೇರಿಯಲ್ಲಿ ಇದಕ್ಕೆ ಕಲಾ ಚಿಕಿತ್ಸೆ ಎಂದು ಹೆಸರು. ಮೊಳಕಾಲ್ಮೂರಿನಲ್ಲಿ ಚಿಕಿತ್ಸೆ ಎಂದಿದ್ದರೆ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಅಲ್ಲಿ ಅದು ಚಿತ್ರದ ಕ್ಲಾಸು. ನೇಕಾರರ ಮನೆಯವರು ಮಕ್ಕಳನ್ನು ಕಳಿಸುತ್ತಿದ್ದದ್ದೂ ಬೇರೆ ಆಸೆಯಿಂದ. ಸೀರೆ ಅಂಚಿಗೆ ಹೊಸ ಡಿಸೈನು ಕಲಿತು ಬರಲಿ ಅಂತ. ‘ಹಂಸ ಬರೆಯೋದು ಕಲಿಸ್ರಿ ಮೇಡಮ್ಮ, ಈ ಅಳೋ ಮುಖ ಯಾಕೆ ಬರೆಸ್ತೀರಾ? ಅಳೋ ಮುಖ ಸೆರಗಿನಾಗೆ ಹಾಕಿದ್ರೆ ಯಾರು ತಗಂತಾರೆ?’ ಎಂದು ಒಬ್ಬ ಅಪ್ಪ ಜಗಳಕ್ಕೇ ಬಂದಿದ್ದ.

ಅನಸೂಯಳಿಗೆ ಹತ್ತೊಂಬತ್ತು. ಅವಳ ಅಕ್ಕ ಮನೆಯವರಿಗೆ ಹೇಳದೆ ಮದುವೆಯಾಗಿ ಹೋದ ಮೇಲೆ, ಆ ಮನೆಯಲ್ಲಿ ಅಕ್ಕನ ಹೆಸರು ಎತ್ತುವುದನ್ನೇ ನಿಲ್ಲಿಸಿದರು. ಅವರ ಮಗ್ಗಕ್ಕೆ ಇಬ್ಬರು ಬೇಕು. ಒಬ್ಬರು ನಡುವೆ ಕೂತು ನೇಯಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ಅಂಚಿನ ಲಾಳಿ ಎಸೆಯಬೇಕು. ಪಕ್ಕದ ಜಾಗ ಖಾಲಿಯಾಯಿತು. ಅಲ್ಲಿಂದ ಅನಸೂಯಳ ಮಾತೂ ನಿಂತಿತು. ನನ್ನ ಕ್ಲಾಸಿಗೆ ಬಂದ ಮೇಲೂ ಎಷ್ಟೋ ವಾರ ಹಾಳೆ ತುಂಬ ಬರೀ ಕೆಂಪು ಬಳಿಯುತ್ತಿದ್ದಳು. ಒಂದು ದಿನ ತಲೆ ಎತ್ತಿ, ‘ಅಕ್ಕ, ಕೆಂಪು ಖಾಲಿ ಆಗೈತೆ’ ಎಂದಳು. ಅವತ್ತು ನಾನು ಬಸ್ಸಿನಲ್ಲಿ ಚಳ್ಳಕೆರೆ ಮುಟ್ಟುವವರೆಗೂ ಒಬ್ಬಳೇ ನಗುತ್ತಿದ್ದೆ.

ಆಮೇಲೆ ಮಾತು ಬಂತು. ಬಂದಾಗ ಒಂದೇ ಆಸೆ ಹೊತ್ತುಕೊಂಡು ಬಂತು. ಚಳ್ಳಕೆರೆಯಲ್ಲಿ ಕಾಲೇಜಿಗೆ ಸೇರಬೇಕು, ದಿನಾ ಒಬ್ಬಳೇ ಹೋಗಿ ಬರಬೇಕು. ಅವಳ ತಾಯಿ ನರಸಮ್ಮ ಒಪ್ಪಿರಲಿಲ್ಲ. ಅಷ್ಟರಲ್ಲಿ ಫಿನ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಬೇರೆ ಬೇರೆ ದೇಶದ ಹುಡುಗರ ಚಿತ್ರ ಶಿಬಿರ ಇದೆ, ನಮ್ಮ ಸಂಸ್ಥೆಯಿಂದ ಒಬ್ಬರನ್ನು ಕಳಿಸಿ ಎಂಬ ಕರೆ ಬಂತು. ನಮ್ಮ ಮುಖ್ಯಸ್ಥರು ಅನಸೂಯಳನ್ನು ಆರಿಸಿ, ಜೊತೆಗೆ ನಾನು ಹೋಗಬೇಕು ಎಂದರು. ನರಸಮ್ಮ ಒಂದು ದಿನ ಯೋಚಿಸಿ ಜಗಲಿಗೆ ಬಂದು ಕೂತರು.

‘ನೋಡ್ರಿ ಮೇಡಮ್ಮ. ದೊಡ್ಡೋಳು ಮಾಡಿದ್ದು ನೋಡಿದ ಮ್ಯಾಲೆ ನಂಗೆ ಇವ್ಳನ್ನ ಹೊರಗೆ ಬಿಡಾಕೆ ಧೈರ್ಯ ಇಲ್ಲ. ಅಷ್ಟು ದೂರ ಹೋಗಿ ನೆಟ್ಟಗೆ ಬಂದ್ರೆ, ಕಾಲೇಜಿಗೂ ಹೋಗ್ತಾಳೆ, ಬರ್ತಾಳೆ ಅಂತ ನಂಬ್ತೀನಿ. ಆದ್ರೆ ಒಂದು ಮಾತು. ನನ್ನ ಮಗಳಿಗೆ ತಲೆ ಸರಿ ಇಲ್ಲ ಅಂತ ಅಲ್ಲೂ ಯಾರೂ ಅನ್ಬಾರ್ದು, ಇಲ್ಲೂ ಯಾರೂ ಅನ್ಬಾರ್ದು. ಮಾತು ಕೊಡ್ರಿ.’

ಕೊಟ್ಟೆ. ಅದರಲ್ಲಿ ಕಷ್ಟವೇನಿದೆ ಅನ್ನಿಸಿತ್ತು.

ಬೆಂಗಳೂರು ವಿಮಾನ ನಿಲ್ದಾಣ

ನರಸಮ್ಮ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಅನಸೂಯ ಕೈಚೀಲದಲ್ಲೇ ಇಟ್ಟುಕೊಂಡಿದ್ದಳು. ತಪಾಸಣೆಯ ಹೆಂಗಸು ಮುಚ್ಚಳ ತೆಗೆದು ಮೂಸಿ ಸರಿಯಾಗಿ ಸೀನಿದಳು. ಹಿಂದಿನ ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು. ಅನಸೂಯ ಭಯದಿಂದ, ‘ಶೇಂಗಾ ಮೇಡಂ, ಬರೀ ಶೇಂಗಾ’ ಎಂದಳು.

‘ಯಾವೂರಮ್ಮ?’

‘ಮೊಳಕಾಲ್ಮೂರು.’

‘ಸೀರೆ ಬಿಟ್ಟು ಚಟ್ನಿಪುಡಿ ಒಯ್ತಾ ಇದ್ದೀಯಲ್ಲಾ!’ ಎಂದು ಅವಳು ನಕ್ಕು ಡಬ್ಬಿ ವಾಪಸ್ಸು ಕೊಟ್ಟಳು.

ಮುಂದೆ ಹೋಗುತ್ತ ಅನಸೂಯ ನನ್ನ ಕಿವಿಯಲ್ಲಿ, ‘ಅವ್ರು ಉಟ್ಟಿದ್ರೆ ಗೊತ್ತಾಗ್ತಿತ್ತು, ಸೀರೆ ಹೊರೋದು ಎಷ್ಟು ಭಾರ ಅಂತ’ ಎಂದಳು. ಆ ಪ್ರಯಾಣದಲ್ಲಿ ಅವಳು ತಮಾಷೆ ಮಾಡುತ್ತಿದ್ದಳು. ಅದನ್ನು ನಾನು ಬರೆದಿಡಬೇಕು. ಆಮೇಲೆ ಅವಳ ಬಗ್ಗೆ ಬರೆದವರು ಯಾರೂ ಅದನ್ನು ಬರೆಯಲಿಲ್ಲ.

ಹೆಲ್ಸಿಂಕಿ, ಬಸ್ಸು ಕಾಯುತ್ತ

ಮಾರ್ಚ್ ಮುಗಿಯುತ್ತ ಬಂದಿತ್ತು. ನಮ್ಮಲ್ಲಿ ಆ ಹೊತ್ತಿಗೆ ಡಾಂಬರು ಮೆತ್ತಗಾಗಿರುತ್ತದೆ. ಅಲ್ಲಿ ರಸ್ತೆಯ ಎರಡೂ ಬದಿ ಕೊಳಕು ಹಿಮದ ಗುಡ್ಡೆ. ಬಸ್ ಸ್ಟಾಪಿನಲ್ಲಿ ಐದಾರು ಜನ ಕಾಯುತ್ತಿದ್ದರು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎತ್ತಿನಗಾಡಿ ಹಾಯುವಷ್ಟು ಜಾಗ. ಅನಸೂಯ ಹೋಗಿ ಒಬ್ಬ ಹೆಂಗಸಿನ ಪಕ್ಕಕ್ಕೆ ಅಂಟಿ ನಿಂತಳು. ಆಕೆ ಒಂದು ಹೆಜ್ಜೆ ಸರಿದಳು. ಜಾಗ ಬಿಟ್ಟರು ಎಂದುಕೊಂಡು ಇವಳೂ ಸರಿದಳು. ಆಕೆ ಮತ್ತೆ ಸರಿದಳು. ಹಾಗೇ ಇಬ್ಬರೂ ಸ್ಟಾಪಿನ ಕೊನೆಯವರೆಗೆ ಹೋದರು. ಕೊನೆಗೆ ಆಕೆ ಹಿಮದ ಗುಡ್ಡೆಯ ಮೇಲೆ ಹತ್ತಿ ನಿಂತಳು.

‘ಅಕ್ಕ, ನಾನು ವಾಸ್ನೆ ಬರ್ತಿದೀನಾ?’ ಎಂದಳು ಅನಸೂಯ ಅಳುಮುಖ ಮಾಡಿ.

ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಯಾರೋ ನಮ್ಮ ಬೆನ್ನಿಗೆ ಒರಗಿ ನಿದ್ದೆ ಮಾಡುತ್ತಾರೆ, ಇನ್ಯಾರೋ ನಮ್ಮ ಮಡಿಲಿಗೆ ಮಗು ಹಾಕಿ ಸೀಟು ಹಿಡಿಯಲು ಓಡುತ್ತಾರೆ. ಇಲ್ಲಿ ದೂರ ನಿಲ್ಲುವುದೇ ಮರ್ಯಾದೆ ಎಂದು ವಿವರಿಸಿದೆ. ಅವಳು ಗುಡ್ಡೆ ಹತ್ತಿದ ಹೆಂಗಸನ್ನು ನೋಡುತ್ತ, ‘ಹಂಗಾದ್ರೆ ನಮ್ಮೂರಾಗೆ ಒಬ್ರಿಗೂ ಮರ್ಯಾದೆ ಇಲ್ಲ ಬಿಡಿ’ ಎಂದಳು.

ಬಚ್ಚಲಲ್ಲಿ ನೀರಿರುವುದಿಲ್ಲ, ಕಾಗದವೇ ಗತಿ ಎಂದು ಎಲ್ಲರೂ ನಮ್ಮನ್ನು ಹೆದರಿಸಿದ್ದರು. ಚೊಂಬು ಕೂಡ ಒಯ್ದಿದ್ದೆವು. ಅಲ್ಲಿ ನೋಡಿದರೆ ಪ್ರತಿ ಬಚ್ಚಲಲ್ಲೂ ಪುಟ್ಟ ಕೈ ಪೈಪು. ಮನೆಯೊಳಗೆ ಹೋಗುವಾಗ ಚಪ್ಪಲಿ ಬಿಚ್ಚುವುದೂ ನಮ್ಮ ಹಾಗೆಯೇ. ಇಷ್ಟು ಹತ್ತಿರದ ಜನ ಎಂದು ಸಂತೋಷಪಟ್ಟೆ. ಎರಡು ಅಭ್ಯಾಸ ಕೂಡಿದ ಮಾತ್ರಕ್ಕೆ ಜನ ಕೂಡುತ್ತಾರೆ ಎಂದುಕೊಳ್ಳುವುದು ಪ್ರವಾಸಿಗಳ ಹುಚ್ಚು.

ಸರೋವರದ ಊರು

ಶಿಬಿರದ ಊರು ಒಂದು ದೊಡ್ಡ ಸರೋವರದ ದಂಡೆಯಲ್ಲಿತ್ತು. ಒಂದು ದಂಡೆಯಲ್ಲಿ ನಾವು ಉಳಿದುಕೊಂಡ ಹಾಸ್ಟೆಲ್ಲು, ಎದುರು ದಂಡೆಯಲ್ಲಿ ಚಿತ್ರ ಬರೆಯುವ ಮರದ ಮನೆ. ಎರಡೂ ಕಣ್ಣಿಗೆ ಕಾಣುತ್ತವೆ. ರಸ್ತೆಯಲ್ಲಿ ಹೋದರೆ ಸೇತುವೆ ಸುತ್ತಿಕೊಂಡು ಕಾಲು ನೋಯುವಷ್ಟು ದೂರ. ನಡುವೆ ಹೆಪ್ಪುಗಟ್ಟಿದ ಬಿಳಿ ಬಯಲು. ನಾವು ಬಂದ ದಿನ ದೂರದಲ್ಲಿ ಮುದುಕರು ಆ ನೀರ್ಗಲ್ಲಿನ ಮೇಲೆ ಸ್ಟೂಲು ಹಾಕಿಕೊಂಡು, ತೂತು ಕೊರೆದು ಮೀನು ಹಿಡಿಯುತ್ತಿದ್ದರು.

ಶಿಬಿರ ನಡೆಸುತ್ತಿದ್ದವಳು ಹೆಲೆನಾ, ಐವತ್ತು ದಾಟಿದ ಹೆಂಗಸು. ಒಳ್ಳೆಯವಳು. ಇದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಮೊದಲ ಸಂಜೆ ಎಲ್ಲ ಹೆಂಗಸರನ್ನೂ ಬಿಸಿಹಬೆಯ ಸ್ನಾನದ ಕೋಣೆಗೆ ಕರೆದಳು. ಅವರೆಲ್ಲ ಹುಟ್ಟಿದ ಹಾಗೆ ಕೂತಿದ್ದರು. ನಾವಿಬ್ಬರೂ ಎದೆಗೆ ಲಂಗ ಕಟ್ಟಿಕೊಂಡು ಗೋಡೆ ನೋಡುತ್ತ ಕೂತೆವು. ಬೆವರು ಸುರಿಯುತ್ತಿದ್ದ ಅನಸೂಯ, ‘ಇದೇನಕ್ಕ, ನಮ್ಮ ಮೇ ತಿಂಗಳನ್ನ ಒಂದು ರೂಮಿನಾಗೆ ಕೂಡಿ ಹಾಕವ್ರೆ’ ಎಂದಳು. ನಾನು ಅನುವಾದಿಸಿದೆ. ಹೆಲೆನಾ ಬಿದ್ದು ಬಿದ್ದು ನಕ್ಕಳು.

ಮೂರನೆಯ ಬೆಳಿಗ್ಗೆ ಹೆಲೆನಾ ಎಲ್ಲರಿಗೂ ಒಂದೇ ವಿಷಯ ಕೊಟ್ಟಳು: ನಿಮಗೆ ನೆಮ್ಮದಿ ಸಿಗುವ ಜಾಗವನ್ನು ಬರೆಯಿರಿ. ಅನಸೂಯ ತನ್ನ ಮಗ್ಗ ಬರೆದಳು. ಮೊಳಕಾಲ್ಮೂರಿನದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟಕ್ಕೆ ಕೂತು ನೇಯುತ್ತಾರೆ. ಆ ಊರಿನ ಮಕ್ಕಳು ಅಪ್ಪ ಅಮ್ಮನನ್ನು ಬರೆದರೆ ಸೊಂಟದ ಮೇಲಷ್ಟೇ ಬರೆಯುತ್ತಾರೆ. ಅವರು ಅಪ್ಪ ಅಮ್ಮನನ್ನು ಹೆಚ್ಚಾಗಿ ನೋಡಿರುವುದೇ ಹಾಗೆ. ಅನಸೂಯ ಬರೆದದ್ದೂ ಅದೇ: ಕಪ್ಪು ಚೌಕ, ಅದರೊಳಗಿಂದ ಸೊಂಟದ ಮೇಲಿನ ಹುಡುಗಿ, ಸುತ್ತ ಬಿಳಿ ಹಾಳೆ. ಮಗ್ಗದ ಎಳೆಗಳನ್ನು ಬರೆಯುವ ಮೊದಲೇ ಹೊತ್ತು ಮುಗಿಯಿತು.

ಆ ಹೊತ್ತಿನಲ್ಲಿ ನಾನು ಹೊರಗೆ ಫೋನಿನಲ್ಲಿದ್ದೆ. ನಮ್ಮ ಮುಖ್ಯಸ್ಥರಿಗೆ ಫೋಟೋ ಬೇಕಿತ್ತು. ‘ಹುಡುಗಿ ನಗ್ತಿರೋದು ಬೇಡ, ಯೋಚನೆ ಮಾಡ್ತಿರೋ ಹಾಗೆ ಇರಲಿ’ ಎನ್ನುತ್ತಿದ್ದರು. ಒಳಗೆ ಹೆಲೆನಾ ತಾನೇ ಅನಸೂಯಳನ್ನು ಸಣ್ಣ ಸಣ್ಣ ಇಂಗ್ಲಿಷಿನಲ್ಲಿ ಕೇಳಿದಳಂತೆ. ಇದು ನೀನಾ? ಯೆಸ್. ಒಬ್ಬಳೇ ಇದ್ದೀಯಾ? ಯೆಸ್. ಅಲ್ಲಿ ತಣ್ಣಗಿದೆಯಾ? ಯೆಸ್.

ಎಲ್ಲ ನಿಜ. ಹೊರಗೆ ಬೆಂಕಿಯಂಥ ಬಿಸಿಲಿರುವಾಗ ಮೊಳಕಾಲ್ಮೂರಿನ ಗುಂಡಿ ಮಗ್ಗದಲ್ಲಿ ಕಾಲಿಗೆ ತಂಪಾಗಿರುತ್ತದೆ. ಅದಕ್ಕಿಂತ ನೆಮ್ಮದಿಯ ಜಾಗ ಅವಳಿಗೆ ಗೊತ್ತಿರಲಿಲ್ಲ.

ಬಿಳಿ ಬಯಲು

ಅದೇ ಮಧ್ಯಾಹ್ನ ಊಟವಾದ ಮೇಲೆ ಅನಸೂಯ ತಲೆನೋವು, ರೂಮಿಗೆ ಹೋಗ್ತೀನಿ ಎಂದಳು. ದಾರಿ ಗೊತ್ತಲ್ಲ ಎಂದೆ. ಗೊತ್ತು ಎಂದಳು. ನನಗೆ ಆಗ ಹೆಮ್ಮೆಯೇ ಆಯಿತು. ಒಬ್ಬಳೇ ಹೋಗಿ ಬರಬೇಕು ಎನ್ನುವವಳು, ಹೋಗಲಿ.

ಸ್ವಲ್ಪ ಹೊತ್ತಿಗೆ ಮರದ ಮನೆಯ ಮೆಟ್ಟಿಲಿಗೆ ಬಂದು ನೋಡಿದೆ. ಬಿಳಿ ಬಯಲಿನ ಮೇಲೆ ಒಂದು ಕಪ್ಪು ಕೋಟು ಹೋಗುತ್ತಿತ್ತು. ಕೆಳಗೆ ಅನಸೂಯ ಶಿಬಿರದಲ್ಲಿ ಎರವಲು ಪಡೆದ ದೊಡ್ಡ ಬೂಟು, ಆ ಬೂಟಿನ ಕಾಲೆಳೆಯುವ ನಡಿಗೆ. ಗುರುತು ಹಿಡಿಯಲು ಮುಖ ಬೇಕಿರಲಿಲ್ಲ.

ನಮ್ಮ ಸೀಮೆಯವರಿಗೆ ಕೆರೆ ಎಂದರೆ ವರ್ಷದಲ್ಲಿ ಬಹಳ ಕಾಲ ನಡೆಯುವ ಜಾಗ. ನೀರು ಇಂಗಿದ ಮೇಲೆ ಅಂಗಳದಲ್ಲಿ ಕ್ರಿಕೆಟ್ಟು, ಕುರಿ ಮಂದೆ, ಸೈಕಲ್ಲು. ಏರಿ ಸುತ್ತಿ ಹೋಗುವವನನ್ನು ದಡ್ಡ ಎನ್ನುತ್ತಾರೆ. ಕೆಸರಿನ ಭಯವಿದ್ದರೆ ಒಂದನ್ನು ನೋಡುತ್ತೇವೆ: ಹಳೆಯ ಹೆಜ್ಜೆ. ಹೆಜ್ಜೆ ಗುರುತು ಒಣಗಿ ಗಟ್ಟಿಯಾಗಿದ್ದರೆ ಅಲ್ಲಿ ನೆಲವೂ ಗಟ್ಟಿ. ಎಷ್ಟು ಹಳೆಯದೋ ಅಷ್ಟು ಭದ್ರ. ಅನಸೂಯ ಹಾಗೇ ಮಾಡಿದ್ದಳು. ಸಾಲಾಗಿ ಹೆಪ್ಪುಗಟ್ಟಿದ್ದ ಹಳೆಯ ಹೆಜ್ಜೆಗಳ ಮೇಲೇ ಕಾಲಿಡುತ್ತ ಹೋಗುತ್ತಿದ್ದಳು. ಆ ದೇಶದಲ್ಲಿ ಹಳೆಯ ಹೆಜ್ಜೆ ಏನನ್ನೂ ಹೇಳುವುದಿಲ್ಲ. ಅದು ನಡುಚಳಿಗಾಲದಲ್ಲಿ ಯಾರೋ ನಡೆದದ್ದು. ಆಮೇಲೆ ಬಿಸಿಲು ಬಂದಿದೆ. ಕೆಳಗೆ ಹಳ್ಳದ ನೀರು ಹರಿದು ತೊಲೆಯಷ್ಟು ದಪ್ಪಗಿದ್ದ ನೀರ್ಗಲ್ಲು ಹಪ್ಪಳವಾಗಿದೆ.

ಅವಳು ನಡುವೆ ನಿಂತಳು.

ಇದನ್ನು ನಾನು ಎಷ್ಟು ಸಲ ಮತ್ತೆ ನೋಡಿದ್ದೇನೋ ಗೊತ್ತಿಲ್ಲ. ಮೊದಲು ನಿಂತಳು. ಒಡೆದದ್ದು ಆಮೇಲೆ. ಕೈಗಳನ್ನು ಇಳಿಬಿಟ್ಟು, ಹಾಸ್ಟೆಲ್ಲಿನ ಕಡೆಯೂ ನೋಡದೆ, ನನ್ನ ಕಡೆಯೂ ನೋಡದೆ ನಿಂತಳು. ಎಷ್ಟು ಹೊತ್ತು ಎಂದರೆ ನಾನು ಕೂಗಬೇಕೋ ಬೇಡವೋ ಎಂದು ಯೋಚಿಸುವಷ್ಟು ಹೊತ್ತು. ಆಗ ಶೇಂಗಾಕಾಯಿ ಒಡೆದ ಸದ್ದು. ಅಷ್ಟು ದೂರದಿಂದ, ಅಷ್ಟು ಸಣ್ಣದಾಗಿ. ಕಪ್ಪು ಕೋಟು ಅರ್ಧವಾಯಿತು.

ನಾನು ದಂಡೆಗೆ ಓಡಿದೆ. ಕಾಲಿಡಬೇಕು ಎನ್ನುವಷ್ಟರಲ್ಲಿ ಯಾರೋ ನನ್ನ ಕೋಟು ಹಿಡಿದು ಹಿಂದಕ್ಕೆ ಎಸೆದರು. ಸ್ಟೂಲು ಹೊತ್ತು ದಂಡೆಯಲ್ಲಿ ಹೋಗುತ್ತಿದ್ದ ಒಬ್ಬ ಮೀನಿನ ಮುದುಕ. ಅಲ್ಲೇ ಕಂಬಕ್ಕೆ ಕಟ್ಟಿದ್ದ ಉದ್ದನೆ ಕೋಲು ಬಿಚ್ಚುತ್ತ ತನ್ನ ಭಾಷೆಯಲ್ಲಿ ಅವಳಿಗೆ ಏನೋ ಅರಚುತ್ತಿದ್ದ. ಅವಳಿಗೆ ಅರ್ಥವಾಗಲಿಲ್ಲ. ಎರಡೂ ಕೈ ಮೇಲೆತ್ತಿ ನೆಟ್ಟಗೆ ನಿಲ್ಲಲು ನೋಡುತ್ತಿದ್ದಳು. ಎತ್ತಿದಷ್ಟೂ ಕೆಳಗೆ ಹೋಗುತ್ತಿದ್ದಳು. ಮುದುಕ ನನ್ನ ಕಡೆ ತಿರುಗಿ ಹರುಕು ಇಂಗ್ಲಿಷಿನಲ್ಲಿ, ‘ನೀನು ಹೇಳು! ಮಲಗಲಿ! ಹೊಟ್ಟೆ ಮೇಲೆ ಮಲಗಲಿ!’ ಎಂದ.

‘ಮಲ್ಕೋ ಅನಸೂಯ! ಬೋರ್ಲು ಮಲ್ಕೋ!’

ಅವಳು ನನ್ನನ್ನು ನೋಡಿದಳು. ನೀರಲ್ಲಿ ಮುಳುಗುವವಳಿಗೆ ಮಲಗು ಎನ್ನುತ್ತಿದ್ದಾಳಲ್ಲ, ಇವಳಿಗೆ ಏನಾಗಿದೆ ಎನ್ನುವ ಮುಖ. ಆಗ ಎಲ್ಲಿಂದ ಬಂತೋ, ಅವರ ಮನೆಯ ತೆಲುಗು ನನ್ನ ಬಾಯಿಗೆ ಬಂತು. ‘ಪಡುಕೋ! ಪಡುಕೋವೇ!’ ನರಸಮ್ಮ ಮಗಳಿಗೆ ಮಲಗು ಎನ್ನುವ ಮಾತು ಅದೇ. ಅವಳು ಎದೆಯನ್ನು ನೀರ್ಗಲ್ಲಿಗೆ ಒತ್ತಿ, ಕೈಚಾಚಿ ಮಲಗಿದಳು.

ಮುದುಕ ತಾನೂ ಬೋರಲು ಬಿದ್ದು ತೆವಳಿದ. ಅವನ ಕೊರಳಲ್ಲಿ ದಾರಕ್ಕೆ ಕಟ್ಟಿದ ಎರಡು ಮೊಳೆಗಳಿದ್ದವು. ಅವನ್ನು ನೀರ್ಗಲ್ಲಿಗೆ ಕಚ್ಚಿಸಿ ಕಚ್ಚಿಸಿ ಮೈ ಎಳೆದುಕೊಳ್ಳುತ್ತ ಕೋಲನ್ನು ಮುಂದಕ್ಕೆ ತಳ್ಳಿದ. ಅವಳು ಹಿಡಿದಳು. ಬಂದಳು.

ದಂಡೆಯಲ್ಲಿ ಅವನು ತನ್ನ ಕೋಟನ್ನು ಅವಳಿಗೆ ಹೊದಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟ. ಆಮೇಲೆ ಆ ಹೆಜ್ಜೆಸಾಲಿನ ಕಡೆ ಕೈ ತೋರಿಸಿ, ‘ಹಳೇದು. ಫೆಬ್ರವರಿ’ ಎಂದ. ಅವನೊಬ್ಬನಿಗೆ ಅರ್ಥವಾಗಿತ್ತು. ಆಂಬುಲೆನ್ಸ್ ಬರುವ ಹೊತ್ತಿಗೆ ಸ್ಟೂಲು ಎತ್ತಿಕೊಂಡು ಹೋಗಿಬಿಟ್ಟಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ.

ಆಸ್ಪತ್ರೆ

ಮೈಗೆ ಏನೂ ಆಗಿರಲಿಲ್ಲ. ಆದರೂ ಬಿಡಲಿಲ್ಲ. ಹೆಲೆನಾ ಆ ಚಿತ್ರ ಹಿಡಿದುಕೊಂಡು ಬಂದಿದ್ದಳು. ಕಪ್ಪು ಚೌಕ, ಅರ್ಧ ಹುಡುಗಿ, ಸುತ್ತ ಬಿಳಿ.

‘ಬೆಳಿಗ್ಗೆಯೇ ಬರೆದಿದ್ದಳು. ನನ್ನ ಕಣ್ಣ ಮುಂದೆ ಬರೆದಿದ್ದಳು. ನಾನು ನೋಡಲಿಲ್ಲ’ ಎಂದಳು.

ನಾನು ಗುಂಡಿ ಮಗ್ಗವನ್ನು ವಿವರಿಸಿದೆ. ನೆಲದ ಮೇಲೆ ಕೂತು, ಕಾಲು ಇಳಿಬಿಟ್ಟಂತೆ ಮಾಡಿ, ಲಾಳಿ ಎಸೆದು ತೋರಿಸಿದೆ. ಆಸ್ಪತ್ರೆಯ ಹೊಳೆಯುವ ನೆಲದ ಮೇಲೆ ಕೂತು ಗಾಳಿಯಲ್ಲಿ ನೇಯುತ್ತಿದ್ದ ನನ್ನನ್ನು ಡಾಕ್ಟರು ಅನುಕಂಪದಿಂದ ನೋಡಿದರು.

ಫೋನಿನಲ್ಲಿ ತೆಲುಗು ಬಲ್ಲ ಒಬ್ಬ ದುಭಾಷಿ ಸಿಕ್ಕಿದ. ಯಾಕೆ ಅಲ್ಲಿ ಹೋದೆ ಎಂದು ಡಾಕ್ಟರು ಕೇಳಿಸಿದರು. ಹೆಜ್ಜೆಗಳಿದ್ದವು, ಅದಕ್ಕೆ ಹೋದೆ ಎಂದಳು ಅನಸೂಯ.

‘ಯಾರ ಹೆಜ್ಜೆಗಳು?’

‘ಯಾರದೋ. ಗೊತ್ತಿಲ್ಲ.’

‘ಅವರನ್ನು ನೀನು ನೋಡಿದೆಯಾ? ಅವರು ನಿನ್ನನ್ನು ಕರೆದರಾ?’

ಅವಳು ನನ್ನ ಕಡೆ ತಿರುಗಿ ಕನ್ನಡದಲ್ಲಿ, ‘ಅಕ್ಕ, ಇವ್ರಿಗೆ ತಲೆ ನೆಟ್ಟಗೈತಾ?’ ಎಂದಳು. ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಡಾಕ್ಟರು ಏನೋ ಬರೆದುಕೊಂಡರು.

ನಮ್ಮಲ್ಲಿ ಕೆರೆ ಒಣಗಿರುತ್ತದೆ, ಅದರೊಳಗೆ ನಡೆಯುತ್ತೇವೆ ಎಂದೆ. ‘ನೀವು ಕೆರೆಯ ಮೇಲೆ ನಡೆಯುತ್ತೀರಾ?’ ಎಂದರು. ಮೇಲಲ್ಲ, ಒಳಗೆ ಎಂದೆ. ನಾನು ಹೇಳಿದಷ್ಟೂ ಹುಚ್ಚಿಯ ಹಾಗೆ ಕೇಳಿಸುತ್ತಿತ್ತು. ನೀರಿಲ್ಲದ ಊರನ್ನು ನೀರೇ ನೆಲವಾದ ದೇಶದವರಿಗೆ ವಿವರಿಸುವುದು ನನ್ನಿಂದಾಗಲಿಲ್ಲ. ಮತ್ತೆ ಒಂದು ಪ್ರಶ್ನೆ ಕೇಳಿದರು: ಒಡೆಯುವ ಮೊದಲು ಅವಳು ನಡೆಯುತ್ತಲೇ ಇದ್ದಳಾ?

‘ಹೌದು, ನಡೆಯುತ್ತಿದ್ದಳು’ ಎಂದೆ.

ಕಾರಿಡಾರಿನಲ್ಲಿ ಹೆಲೆನಾಳ ಮೇಲೆ ಕೂಗಾಡಿದೆ. ಅವಳ ತಾಯಿಗೆ ಮಾತು ಕೊಟ್ಟಿದ್ದೇನೆ, ಈ ಮಾತು ಊರಿಗೆ ಹೋದರೆ ಅವಳು ಮನೆಯ ಹೊಸಿಲು ದಾಟುವ ಹಾಗಿಲ್ಲ ಎಂದೆ. ಹೆಲೆನಾ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, ‘ನನ್ನ ಊಹೆ ತಪ್ಪಾದರೆ ನಿನಗೆ ಸಿಟ್ಟು ಬರುತ್ತದೆ. ನಿನ್ನ ಊಹೆ ತಪ್ಪಾದರೆ ಅವಳೇ ಇರುವುದಿಲ್ಲ. ನಾನು ನಿನ್ನ ಸಿಟ್ಟನ್ನೇ ಆರಿಸಿಕೊಳ್ಳುತ್ತೇನೆ’ ಎಂದಳು. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಅದಕ್ಕೇ ಇವತ್ತಿಗೂ ಅವಳನ್ನು ಬೈಯಲು ಆಗುತ್ತಿಲ್ಲ. ಬೈಯಲು ಆಗದ ಸಿಟ್ಟಿಗೆ ಎಲ್ಲೂ ಜಾಗವಿಲ್ಲ.

ಅನಸೂಯಳನ್ನು ಒಂದು ಬಿಳಿ ಕೋಣೆಯಲ್ಲಿ ಇಟ್ಟರು. ಬಚ್ಚಲಿಗೆ ಹೋದರೂ ಬಾಗಿಲು ತೆರೆದಿರಬೇಕು, ಒಬ್ಬ ನರ್ಸು ಹೊರಗೆ ಕೂತಿರಬೇಕು. ಬಸ್ ಸ್ಟಾಪಿನಲ್ಲಿ ಪಕ್ಕಕ್ಕೆ ನಿಂತರೆ ಹಿಮ ಹತ್ತುವ ಜನ. ‘ಬಾಗ್ಲು ಹಾಕ್ಕೊಳ್ಳಾಕಾದ್ರೂ ಹೇಳ್ರಿ ಅಕ್ಕ’ ಎಂದು ಅವಳು ಅತ್ತಳು. ಹೇಳಿದೆ. ನಿಯಮ ಎಂದರು. ಮನಸ್ಸಿನಲ್ಲಿರುವುದನ್ನು ಬರೆ ಎಂದು ಹೆಲೆನಾ ಬಣ್ಣದ ಪೆಟ್ಟಿಗೆ ಕೊಟ್ಟಳು. ಅನಸೂಯ ಮುಚ್ಚಳವನ್ನೂ ತೆಗೆಯದೆ ಪಕ್ಕಕ್ಕಿಟ್ಟಳು. ಬರೆದರೆ ಇನ್ನೇನು ಹುಡುಕುತ್ತಾರೋ ಎಂದು ಅವಳಿಗೆ ಗೊತ್ತಾಗಿಹೋಗಿತ್ತು.

ನಮ್ಮ ಮುಖ್ಯಸ್ಥರು ಫೋನು ಮಾಡಿದರು. ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು. ಅದನ್ನು ಎರಡನೆಯದಾಗಿ ಕೇಳಿದರು. ಮೊದಲು ಕೇಳಿದ್ದು, ‘ಆ ಚಿತ್ರ ಯಾರ ಹತ್ರ ಇದೆ?’

ಮನೆಗೆ ಕಳಿಸುವಾಗ ಡಾಕ್ಟರು, ಅಪಾಯ ಕಾಣುತ್ತಿಲ್ಲ, ಆದರೂ ಕಣ್ಣಿಟ್ಟಿರಿ ಎಂದರು. ವಿಮಾನದಲ್ಲಿ ಅವಳು ಒಂದೇ ಮಾತು ಕೇಳಿದಳು: ‘ಅಮ್ಮಂಗೆ ಗೊತ್ತಾಗಲ್ಲ ಅಲ್ವಾ?’ ಇಲ್ಲ ಎಂದೆ. ಎರಡನೆಯ ಸಲ ಮಾತು ಕೊಟ್ಟೆ.

ಚಳ್ಳಕೆರೆ

ಬಂದು ಕೆಲವು ವಾರಕ್ಕೆ ಚಳ್ಳಕೆರೆಯಲ್ಲಿ ನಮ್ಮ ಸಂಸ್ಥೆಯ ಕಾರ್ಯಕ್ರಮ. ಯುವಜನರ ಮನಸ್ಸಿನ ಆರೋಗ್ಯದ ಬಗ್ಗೆ ಭಾಷಣ, ಮಧ್ಯಾಹ್ನ ಪಲಾವು. ಸಭಾಂಗಣದ ಹೊರಗೆ ಆಳೆತ್ತರದ ಬ್ಯಾನರು: ‘ಬಣ್ಣ ಉಳಿಸಿದ ಜೀವ.’ ಕೆಳಗೆ ಅನಸೂಯಳ ಚಿತ್ರ, ಗೋಡೆಯಷ್ಟು ದೊಡ್ಡದಾಗಿ. ಹೆಲೆನಾ ಶಿಬಿರದ ಕೆಲಸಕ್ಕೆಂದು ಕಳಿಸಿದ್ದ ಪ್ರತಿಯನ್ನು ಇವರು ಬ್ಯಾನರು ಮಾಡಿದ್ದರು. ವೇದಿಕೆಯ ಮೇಲೆ ಮುಖ್ಯಸ್ಥರು, ಒಂದು ಚಿತ್ರ ಹೇಗೆ ಆತ್ಮಹತ್ಯೆಯ ಸುಳಿವು ಕೊಟ್ಟಿತು ಎಂದು ವಿವರಿಸಿದರು. ಜನ ಚಪ್ಪಾಳೆ ತಟ್ಟಿದರು. ಅವರ ಮಾತಿನಲ್ಲಿ ಮೀನಿನ ಮುದುಕನೂ ಇರಲಿಲ್ಲ, ಕೋಲೂ ಇರಲಿಲ್ಲ. ಅವಳನ್ನು ಮೇಲೆತ್ತಿದ್ದು ಚಿತ್ರವೇ.

ನಾನು ಅವರನ್ನು ಪಕ್ಕಕ್ಕೆ ಕರೆದೆ. ‘ಹೆಸರು ಹಾಕಿಲ್ಲವಲ್ಲ’ ಎಂದರು.

‘ಸರ್, ಅದು ಗುಂಡಿ ಮಗ್ಗ. ಮೊಳಕಾಲ್ಮೂರಿನ ಯಾವ ಮಗು ನೋಡಿದರೂ ಗೊತ್ತಾಗುತ್ತೆ. ಅಲ್ಲಿಂದ ಹೊರದೇಶಕ್ಕೆ ಹೋದವಳು ಒಬ್ಬಳೇ.’

‘ಇದರಿಂದ ಎಷ್ಟು ಮಕ್ಕಳಿಗೆ ಉಪಯೋಗ ಯೋಚನೆ ಮಾಡಿ’ ಎಂದರು. ಯೋಚನೆ ಮಾಡಿದೆ. ಉಪಯೋಗ ಇದ್ದರೂ ಇರಬಹುದು. ಅದೇ ಇನ್ನೂ ಉರಿಯುತ್ತದೆ. ಬ್ಯಾನರಿನ ಮುಂದೆ ಹುಡುಗರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಸಂಜೆಯೊಳಗೆ ಅದು ಮೊಳಕಾಲ್ಮೂರಿನ ಫೋನುಗಳಿಗೆ ತಲುಪಿತ್ತು.

ಮತ್ತೆ ಮೊಳಕಾಲ್ಮೂರು

ಶನಿವಾರ ಕ್ಲಾಸಿಗೆ ಯಾರೂ ಬರಲಿಲ್ಲ. ಬೀಗ ಹಾಕಿ ಅನಸೂಯಳ ಮನೆಗೆ ಹೋದೆ. ನರಸಮ್ಮ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಬೈಯುತ್ತಾರೆ ಎಂದು ತಯಾರಾಗಿ ಹೋಗಿದ್ದೆ. ಅವರು ಬೈಯಲಿಲ್ಲ.

‘ನೀವು ಕಣ್ಣಾರೆ ನೋಡಿದೋರು. ದಾರಿ ತಪ್ಪಿದ್ಲಾ, ಸಾಯಾಕೆ ಹೋಗಿದ್ಲಾ?’

‘ದಾರಿ ತಪ್ಪಿದ್ದು ನರಸಮ್ಮನೋರೆ. ನಮ್ಮ ಕೆರೆ ಥರ ಅಂದ್ಕೊಂಡು ಅಡ್ಡ ಹೋಗಿದ್ಲು.’

‘ಮತ್ತೆ ಓದಿದೋರೆಲ್ಲ ಸೇರಿ ಅಷ್ಟು ದೊಡ್ಡ ಬೋರ್ಡು ಹಾಕವ್ರೆ. ಅವ್ರು ಸುಳ್ಳು ಹೇಳ್ತಾರಾ? ನೀವೂ ಅವ್ರ ಪೈಕಿನೇ ಅಲ್ವಾ? ನಾನು ಯಾರನ್ನ ನಂಬ್ಲಿ?’

ಕಾಲೇಜಿನ ಮಾತು ಎತ್ತಿದೆ. ನರಸಮ್ಮ ಖಾಲಿ ಲೋಟ ತೆಗೆದುಕೊಂಡು ಎದ್ದರು. ‘ಈಗ ಬಚ್ಲಿಗೆ ಹೋದ್ರೂ ನಾನು ಬಾಗ್ಲಾಗೆ ನಿಲ್ತೀನಿ ಮೇಡಮ್ಮ. ಕಾಲೇಜು ಎಲ್ಲಿ ಬಂತು? ಮನೇಲಿ ಯಾರೋ ಒಬ್ರು ಸದಾ ಜೊತೆಗಿರ್ತೀವಿ. ಕಣ್ಣಿಟ್ಟಿರಿ ಅಂತ ಅಲ್ಲಿನ ಡಾಕ್ಟ್ರೇ ಹೇಳವ್ರಂತೆ.’

ಹೊರಡುವಾಗ ಅನಸೂಯ ಬಸ್ಸಿನವರೆಗೆ ಬರ್ತೀನಿ ಎಂದಳು. ನರಸಮ್ಮ ಬೇಡ ಎನ್ನಲಿಲ್ಲ. ಚಪ್ಪಲಿ ಮೆಟ್ಟಿ ಹಿಂದೆಯೇ ಬಂದರು. ಬಿಸಿಲು ಚುರುಗುಡುತ್ತಿತ್ತು. ಬೀದಿಯಲ್ಲಿ ಕೂತ ಹೆಂಗಸರು ನಮ್ಮನ್ನು ನೋಡಿ ಮಾತು ನಿಲ್ಲಿಸಿ, ದಾಟಿದ ಮೇಲೆ ಮತ್ತೆ ಶುರು ಮಾಡಿದರು. ಒಬ್ಬಳು ತೆಲುಗಿನಲ್ಲಿ ‘ಪಾಪಂ’ ಎಂದದ್ದು ಕೇಳಿಸಿತು. ಬೈಗುಳವಾಗಿದ್ದರೆ ತಿರುಗಿ ಬೈಯಬಹುದಿತ್ತು.

ತಾಯಿಗೆ ಕೇಳದಷ್ಟು ಮೆಲ್ಲಗೆ ನಾನು ಕೇಳಿದೆ. ಅಷ್ಟು ದಿನದಿಂದ ನನ್ನನ್ನು ಕೊರೆಯುತ್ತಿದ್ದದ್ದು ಅದೇ. ‘ಅವತ್ತು ನಡುವೆ ಯಾಕೆ ನಿಂತೆ?’

‘ನಿಂತಿದ್ದು ನೋಡಿದ್ರಾ? ಡಾಕ್ಟ್ರಿಗೆ ನಡೀತಾ ಇದ್ಲು ಅಂದ್ರಲ್ಲ.’

‘ಅಂದೆ. ಯಾಕೆ ನಿಂತೆ?’

ಅವಳು ನಾಲ್ಕು ಹೆಜ್ಜೆ ನಡೆದಳು. ‘ಸುತ್ತ ಯಾರೂ ಇರ್ಲಿಲ್ಲ ಅಕ್ಕ. ಎಲ್ಲಿ ನೋಡಿದ್ರೂ ಯಾರೂ ಇರ್ಲಿಲ್ಲ. ನಾನು ಹುಟ್ಟಿದಾಗಿಂದ ಹಂಗೆ ಒಬ್ಳೇ ನಿಂತೇ ಇರ್ಲಿಲ್ಲ. ಚೆಂದ ಇತ್ತು. ಇನ್ನೊಂಚೂರು ನಿಲ್ಲಾಣ ಅನ್ನಿಸ್ತು.’

ಅದಕ್ಕೆ ಯಾವ ಹೆಸರು ಕೊಡುವುದು? ಹೆಲೆನಾ ಒಂದು ಕೊಡುತ್ತಿದ್ದಳು, ನಮ್ಮ ಮುಖ್ಯಸ್ಥರು ಇನ್ನೊಂದು. ನಾನು ಓದಿದ ಪುಸ್ತಕಗಳಲ್ಲೂ ಒಂದಿರಬೇಕು.

ಚಳ್ಳಕೆರೆ ಬಸ್ಸು ದಾರಿಯ ಊರಿನ ಹೆಸರು ಹಿಡಿದು ಬಿ.ಜಿ. ಕೆರೆ, ಬಿ.ಜಿ. ಕೆರೆ ಎಂದು ಕೂಗಿಸಿಕೊಳ್ಳುತ್ತ ಹೊರಡಲು ನಿಂತಿತ್ತು. ನಾನು ಹತ್ತಿದೆ. ತಿರುಗಿ ನೋಡಿದರೆ ಅನಸೂಯಳೂ ಕಂಬಿ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದಳು. ನನಗೇನೋ ಹೇಳಲು ಬಂದಳೋ, ಹತ್ತಿಯೇ ಬಿಟ್ಟಿದ್ದಳೋ. ಕೆಳಗೆ ನರಸಮ್ಮ ಅವಳ ದುಪಟ್ಟಾದ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಎಳೆಯುತ್ತಿರಲಿಲ್ಲ. ಸುಮ್ಮನೆ ಹಿಡಿದಿದ್ದರು.

ಕಂಡಕ್ಟರ್ ಸೀಟಿಯನ್ನು ಬಾಯಿಂದ ತೆಗೆದ. ‘ಹತ್ತೋದಾದ್ರೆ ಹತ್ತಮ್ಮ, ಇಳಿಯೋದಾದ್ರೆ ಇಳಿ. ಬಾಗ್ಲಾಗೆ ನಿಂತ್ಕೊಂಡು ಏನ್ ನೋಡ್ತೀಯಾ?’

ಅವಳು ಬಸ್ಸಿನೊಳಗನ್ನು, ಖಾಲಿ ಇದ್ದ ಒಂದು ಸೀಟನ್ನು ನೋಡಿದಳು.

ಇಳಿದಳು.